ಸೂಜಿ ಹಿಡಿಯಲಿರುವ ಮಗಳಿಗೆ

ಡಿಎಂಎಲ್‌ಟಿ ಮುಗಿಸಿದ್ದೀಯ, ಮುಂದಿನ ವಾರದಿಂದ ತಾಲ್ಲೂಕು ಪೇಟೆಯ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಎಂದು ನಿನ್ನ ಅಮ್ಮ ಹೇಳಿದಳು. ಬಹಳ ಸಂತೋಷವಾಯಿತು ಕಣೇ. ನನ್ನ ದುಡಿಮೆಯ ವರ್ಷಗಳೆಲ್ಲ ಇದೇ ಕೆಲಸದಲ್ಲಿ ಕಳೆದವು, ಆದ್ದರಿಂದ ದೊಡ್ಡಮ್ಮನಾಗಿ ಮಾತ್ರವಲ್ಲ, ಇದೇ ಬೆಂಚಿನ ಮುಂದೆ ಕೂತವಳಾಗಿಯೂ ನಿನಗೆ ಕೆಲವು ಮಾತು ಹೇಳಬೇಕು. ಯಂತ್ರ ನಡೆಸುವುದನ್ನು ಕಾಲೇಜಿನಲ್ಲಿ ಚೆನ್ನಾಗಿಯೇ ಕಲಿಸಿದ್ದಾರೆ. ಆದರೆ ಲ್ಯಾಬಿನ ತಪ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಂತ್ರದ ಹತ್ತಿರ ಆಗುವುದೇ ಇಲ್ಲ. ಸ್ಯಾಂಪಲ್ಲು ಯಂತ್ರದ ಬಾಯಿಗೆ ಹೋಗುವ ಮೊದಲೇ ಆಗಿಹೋಗಿರುತ್ತವೆ. ಯಾರ ರಕ್ತ, ಯಾವ ಹೊತ್ತಿಗೆ, ಯಾವ ಕೈಯಿಂದ, ಯಾವ ಟ್ಯೂಬಿಗೆ ಎನ್ನುವುದನ್ನು ಯಂತ್ರ ಕೇಳುವುದಿಲ್ಲ. ಕೇಳಬೇಕಾದವಳು ನೀನು. ಇಷ್ಟನ್ನು ಒಪ್ಪಿದೆಯಾದರೆ ಉಳಿದದ್ದೆಲ್ಲ ಅಭ್ಯಾಸದಿಂದ ಬರುತ್ತದೆ.

ಹೆಸರಿನಿಂದ ಶುರುಮಾಡುತ್ತೇನೆ. ನಮ್ಮ ಕಡೆ ಮನೆತನದ ಹೆಸರು ಸೇರಿಸಿಕೊಳ್ಳುವವರು ಕಡಿಮೆ. ಬೆಳಗಿನ ಹೊತ್ತು ಬೆಂಚಿನ ಮೇಲೆ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುನಾಥ ಕೂತಿರುವುದು ದಿನನಿತ್ಯದ ಮಾತು. "ಲಕ್ಷ್ಮಮ್ಮ ನೀವೇನಾ?" ಎಂದು ಕೇಳಿದರೆ ಕಿವಿ ಮಂದವಾದ ಪುಟ್ಟಮ್ಮನೂ "ಹೂಂ" ಎಂದು ಎದ್ದು ಬರುತ್ತಾರೆ. ಡಾಕ್ಟರ ಮನೆಯಲ್ಲಿ ಕರೆದರೆ ಎದ್ದು ಬರುವುದು, ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು ನಮ್ಮ ಹಳ್ಳಿಯವರ ಮರ್ಯಾದೆ. ಅದಕ್ಕೇ ಹೆಸರನ್ನು ನೀನು ಹೇಳಬೇಡ, ಅವರ ಬಾಯಿಂದ ಹೇಳಿಸು. "ನಿಮ್ಮ ಹೆಸರು ಹೇಳಿ ಅಮ್ಮ, ಯಾವೂರು, ವಯಸ್ಸೆಷ್ಟು?" ಎಂದು ಕೇಳು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹಿರಿಯ ಹೆಂಗಸರು ಇನ್ನೂ ಇದ್ದಾರೆ, ಅವರನ್ನು ಒತ್ತಾಯಿಸಬೇಡ. ದೊಡ್ಡ ಮಗನ ಹೆಸರು ಕೇಳು, ಫೋನ್ ನಂಬರು ಕೇಳು. ಯಾವುದಾದರೂ ಎರಡು ಗುರುತು ಚೀಟಿಯ ಜೊತೆ ಹೊಂದಲೇಬೇಕು.

ಟ್ಯೂಬಿನ ಮೇಲೆ ಹೆಸರು ಬರೆಯುವುದು ರಕ್ತ ತೆಗೆದ ಮೇಲೆ, ಅವರು ಕುರ್ಚಿಯಿಂದ ಏಳುವ ಮೊದಲು. ಕೆಲಸ ಹಗುರವಾಗಲಿ ಎಂದು ಬೆಳಿಗ್ಗೆಯೇ ಹತ್ತು ಟ್ಯೂಬಿಗೆ ಹೆಸರು ಅಂಟಿಸಿ ಸ್ಟ್ಯಾಂಡಿನಲ್ಲಿ ಇಡುವವರಿದ್ದಾರೆ. ಒಬ್ಬರು ಮೂತ್ರಕ್ಕೆಂದು ಎದ್ದು ಹೋದರೆ ಸಾಲು ತಪ್ಪಿತು, ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಯಿತು. ಸಕ್ಕರೆ ಪರೀಕ್ಷೆಯಲ್ಲಿ ಹೀಗಾದರೆ ತಪ್ಪು ಮಾತ್ರೆ. ರಕ್ತದ ಗುಂಪಿನಲ್ಲಿ ಹೀಗಾದರೆ ಜೀವವೇ ಹೋಗಬಹುದು. ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿ ನೂರು ವರ್ಷ ಕಳೆದು ಬಹಳ ಕಾಲವಾಯಿತು, ಆದರೂ ತಪ್ಪು ಗುಂಪಿನ ರಕ್ತ ಏರಿಸಿದ ಪ್ರಸಂಗಗಳನ್ನು ಕೆದಕಿದರೆ ಹೆಚ್ಚಿನವುಗಳ ಬುಡದಲ್ಲಿ ಸಿಗುವುದು ಹೆಸರಿನ ಗೊಂದಲವೇ. ಗುಂಪು ನೋಡುವಾಗ ಆಂಟಿಸೀರಮ್ಮಿನಿಂದ ಕಣಗಳನ್ನು ನೋಡಿದರಷ್ಟೇ ಸಾಲದು, ಗೊತ್ತಿರುವ ಕಣಗಳಿಂದ ಸೀರಮ್ಮನ್ನೂ ತಿರುಗಿಸಿ ನೋಡು. ಓ ಗುಂಪೆಂದು ಬರೆದುಬಿಡಬಹುದಾದ ಬಾಂಬೆ ಗುಂಪು ಒಂದಿದೆ, 1952ರಲ್ಲಿ ಮುಂಬಯಿಯಲ್ಲಿ ಡಾ. ಭೇಂಡೆ ಮತ್ತು ಸಂಗಡಿಗರು ಕಂಡುಕೊಂಡದ್ದು. ಆ ಗುಂಪಿನವರ ಸೀರಮ್ಮು ಓ ಕಣಗಳನ್ನೂ ಗಂಟುಗಟ್ಟಿಸುತ್ತದೆ. ಹಾಗಾಗಿ ತಿರುಗಿಸಿ ನೋಡುವಾಗ ಓ ಕಣಗಳನ್ನೂ ಸೇರಿಸಿಕೊಳ್ಳಬೇಕು.

ಇನ್ನು ಖಾಲಿ ಹೊಟ್ಟೆಯ ವಿಷಯ. ಇದರಲ್ಲಿ ನೀನು ದಿನವೂ ಪರದಾಡುತ್ತೀಯ. "ಏನೂ ತಿಂದಿಲ್ಲ ಕಣಮ್ಮ" ಎನ್ನುತ್ತಾರೆ. "ಕಾಫಿ?" ಎಂದು ಬಿಡಿಸಿ ಕೇಳಿದರೆ, "ಅದೊಂದು ಲೋಟ ಕುಡಿದೆ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಲೆಕ್ಕದಲ್ಲಿ ಕಾಫಿ ತಿಂಡಿಯಲ್ಲ. ಬೀಡಿ, ಎಲೆಅಡಿಕೆಯೂ ಅವರ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಕೇಳು. ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಬೇರೇನೂ ಹೊಟ್ಟೆಗೆ ಹೋಗಿರಬಾರದು. ನೀರು ಕುಡಿಯಬಹುದು, ಕುಡಿದಿದ್ದರೆ ನರ ಸಿಗುವುದೂ ಸುಲಭ. ಇದನ್ನು ಹಿಂದಿನ ದಿನವೇ ಹೇಳಿ ಕಳಿಸಬೇಕು, ಸಾಧ್ಯವಾದರೆ ಕನ್ನಡದಲ್ಲಿ ಚೀಟಿ ಬರೆದು ಕೊಡು. ಬಂದ ಮೇಲೆ ಗದರಿ ವಾಪಸು ಕಳಿಸಿದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ.

ತಿಂಡಿ ಆದ ಮೇಲಿನ ಸಕ್ಕರೆಗೆ ಎರಡು ಗಂಟೆ ಎಣಿಸುವುದು ಮೊದಲ ತುತ್ತಿನಿಂದ. ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದು, "ಹನ್ನೊಂದಕ್ಕೆ ನಮ್ಮೂರ ಬಸ್ಸಿದೆ, ಈಗಲೇ ತಗೊಂಡುಬಿಡು" ಎನ್ನುತ್ತಾರೆ. ಆ ಬಸ್ಸು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ ಎನ್ನುವುದು ನಿನಗೂ ಗೊತ್ತು. ಬೇರೆ ದಾರಿಯೇ ಇಲ್ಲದಿದ್ದರೆ ತೆಗೆದುಕೊ, ಆದರೆ ರಿಪೋರ್ಟಿನಲ್ಲಿ ತಿಂಡಿಯಾಗಿ ಒಂದೂಕಾಲು ಗಂಟೆಗೆ ತೆಗೆದದ್ದು ಎಂದು ಬರೆ. ಡಾಕ್ಟರು ಅದನ್ನು ಓದಿ ಲೆಕ್ಕ ಹಾಕಿಕೊಳ್ಳುತ್ತಾರೆ. ಎರಡು ಗಂಟೆಯದೆಂದು ಬರೆದರೆ ಆ ಮನುಷ್ಯನಿಗೆ ಇಲ್ಲದ ಕಾಯಿಲೆಗೆ ಮಾತ್ರೆ ಶುರುವಾಗಬಹುದು, ಇಲ್ಲವೇ ನಡೆಯುತ್ತಿರುವ ಮಾತ್ರೆಯ ಪ್ರಮಾಣ ಏರಬಹುದು.

ತೆಗೆದ ರಕ್ತವನ್ನು ಹಾಗೇ ಇಟ್ಟರೆ ಅದರೊಳಗಿನ ಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಬಿಸಿಗೆ ಗಂಟೆಗೆ ಶೇಕಡ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಧುಮೇಹವೆಂದು ಹಿಡಿಯುತ್ತಾರೆ, ಅಲ್ಲವೇ? ನಿಜದಲ್ಲಿ 130 ಇರುವ ಒಬ್ಬರ ಟ್ಯೂಬು ಎರಡು ಗಂಟೆ ಮೇಜಿನ ಮೇಲೆ ಕೂತರೆ ಯಂತ್ರ ಸುಮಾರು 115 ತೋರಿಸುತ್ತದೆ. ಕಾಯಿಲೆ ಇದ್ದವರು ಇಲ್ಲದವರಾಗಿ ಮನೆಗೆ ಹೋದರು. ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇದೆಯಲ್ಲ ಎಂದು ನೆಮ್ಮದಿಯಾಗಿ ಕೂರಬೇಡ. ಅದು ಪೂರ್ತಿ ಕೆಲಸ ಶುರುಮಾಡಲು ಒಂದೆರಡು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಇಳಿಯುವುದು ಇಳಿದಿರುತ್ತದೆ. ಬೇಗ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುವುದೇ ಸರಿಯಾದ ದಾರಿ.

ಬಸುರಿಯರಿಗೆ ನಮ್ಮ ದೇಶದಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಮತ್ತು ಅವರ ಬಳಗ ಒಂದು ಸುಲಭ ಪರೀಕ್ಷೆ ರೂಢಿಗೆ ತಂದರು, ಸರ್ಕಾರದ ಮಾರ್ಗಸೂಚಿಯಲ್ಲೂ ಅದೇ ಇದೆ. ಊಟ ಆಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಗೆ ರಕ್ತ ನೋಡುವುದು. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಸುರಿನ ಸಕ್ಕರೆ ಕಾಯಿಲೆ. ದೂರದ ಊರಿಂದ ಖಾಲಿ ಹೊಟ್ಟೆಯಲ್ಲಿ ಬಸ್ಸಿನಲ್ಲಿ ಕುಲುಕಿಕೊಂಡು ಬರುವ ಬಸುರಿಯ ಕಷ್ಟ ಬಲ್ಲವರು ಮಾಡಿದ ಪರೀಕ್ಷೆ ಇದು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನ ಬಿಟ್ಟು ಮರುದಿನ ಮಾಡು. ಗ್ಲೂಕೋಸನ್ನು ಮಾತ್ರ ತೂಗಿಯೇ ಹಾಕು, ಚಮಚದ ಅಂದಾಜು ಬೇಡ.

ನರ ಹುಡುಕುವ ಕೈಚಳಕ ಬರೆದು ಕಲಿಸುವಂಥದ್ದಲ್ಲ, ತಾನಾಗಿ ಕೈಗೆ ಬರುತ್ತದೆ. ಆದರೆ ಕೆಲವನ್ನು ಮೊದಲ ದಿನದಿಂದಲೇ ರೂಢಿಸಿಕೊ. ತೋಳಿಗೆ ಕಟ್ಟುವ ಬೆಲ್ಟು ಒಂದು ನಿಮಿಷ ಮೀರಬಾರದು. ನರ ಸಿಗಲಿಲ್ಲವೆಂದರೆ ಬಿಚ್ಚಿ, ತುಸು ತಡೆದು ಮತ್ತೆ ಕಟ್ಟು. "ಮುಷ್ಟಿ ಬಿಗಿ, ಬಿಡು, ಬಿಗಿ, ಬಿಡು" ಎಂದು ಹೇಳಿಸುವ ಅಭ್ಯಾಸ ನಮ್ಮಲ್ಲಿ ಬಹಳ ಕಡೆ ಇದೆ, ಅದರಿಂದ ಪೊಟ್ಯಾಸಿಯಮ್ ಸುಮ್ಮಸುಮ್ಮನೆ ಏರುತ್ತದೆ. ಸ್ಪಿರಿಟ್ ಹಚ್ಚಿದ ಮೇಲೆ ಆರಲು ಬಿಡು. ಹಸಿಯಾಗಿರುವಾಗಲೇ ಚುಚ್ಚಿದರೆ ಉರಿಯುತ್ತದೆ, ರಕ್ತದ ಕಣವೂ ಒಡೆಯುತ್ತದೆ. ಡ್ರಿಪ್ ಓಡುತ್ತಿರುವ ಕೈಯಿಂದ ತೆಗೆಯಲೇಬೇಡ. ಗ್ಲೂಕೋಸ್ ಡ್ರಿಪ್ಪಿನ ಮೇಲ್ಗಡೆಯಿಂದ ತೆಗೆದ ರಕ್ತದಲ್ಲಿ ಸಕ್ಕರೆ ಐನೂರು, ಸೋಡಿಯಂ ಪಾತಾಳ ಎಂದು ಬರುತ್ತದೆ. ಅದು ಆ ಮನುಷ್ಯನ ರಕ್ತದ ಲೆಕ್ಕವಲ್ಲ, ಬಾಟಲಿಯ ನೀರಿನ ಲೆಕ್ಕ. ಇನ್ನೊಂದು ಕೈ ಇದ್ದೇ ಇದೆಯಲ್ಲ.

ಸಿರಿಂಜಿನಿಂದ ಟ್ಯೂಬಿಗೆ ಬಿಡುವಾಗ ಅವಸರದಿಂದ ಒತ್ತಬೇಡ. ಕಣಗಳು ಒಡೆದರೆ ತಿರುಗಿಸಿದ ಮೇಲೆ ಸೀರಮ್ಮು ಒಣಹುಲ್ಲಿನ ಬಣ್ಣಕ್ಕೆ ಬದಲು ಕೆಂಪಗೆ ಕಾಣುತ್ತದೆ. ಕಣದೊಳಗಿನ ಪೊಟ್ಯಾಸಿಯಮ್, ಎಲ್‌ಡಿಎಚ್, ಎಎಸ್‌ಟಿ ಎಲ್ಲ ಹೊರಗೆ ಚೆಲ್ಲಿರುತ್ತವೆ. ಅಂಥ ಸೀರಮ್ಮಿನಲ್ಲಿ ಪೊಟ್ಯಾಸಿಯಮ್ ಮಾಡಿ ಕೊಡುವುದು ಬೇಡವೇ ಬೇಡ. ಇನ್ನೊಮ್ಮೆ ಚುಚ್ಚಬೇಕೆಂದರೆ ಅವರು ಸಿಡುಕುತ್ತಾರೆ, ಮಗುವಿನ ತಾಯಿಯಾದರೆ ಅತ್ತೇಬಿಡುತ್ತಾಳೆ. ಸಮಾಧಾನವಾಗಿ ಹೇಳು: "ರಕ್ತ ತೆಗೆಯುವಾಗ ಕಣ ಒಡೆದಿದೆ, ಇದರಲ್ಲೇ ಮಾಡಿದರೆ ತಪ್ಪು ಬರುತ್ತೆ, ಆ ತಪ್ಪಿಗೆ ಔಷಧ ಕೊಟ್ಟುಬಿಡ್ತಾರೆ." ನಿಜ ಹೇಳಿದರೆ ಕೈ ಚಾಚದವರನ್ನು ನಾನು ಕಂಡಿದ್ದು ಬಹಳ ಕಡಿಮೆ.

ಟ್ಯೂಬುಗಳ ಸರದಿಯನ್ನು ಬಾಯಿಪಾಠ ಮಾಡಿಬಿಡು. ಕಲ್ಚರಿನ ಬಾಟಲಿ ಮೊದಲು, ಆಮೇಲೆ ತಿಳಿನೀಲಿ ಮುಚ್ಚಳದ ಸಿಟ್ರೇಟ್, ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ಹಸಿರು, ಆಮೇಲೆ ನೇರಳೆ, ಕೊನೆಗೆ ಬೂದು. ಇದು ಯಾರೋ ಸುಮ್ಮನೆ ಮಾಡಿಟ್ಟ ಶಾಸ್ತ್ರವಲ್ಲ. ನೇರಳೆ ಟ್ಯೂಬಿನ ಇಡಿಟಿಎ ಪೊಟ್ಯಾಸಿಯಮ್ಮಿನ ಲವಣ, ಮೇಲಾಗಿ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುವುದೇ ಅದರ ಕೆಲಸ. ಅದರ ಒಂದು ತೊಟ್ಟು ಕೆಂಪು ಟ್ಯೂಬಿಗೆ ಬಿದ್ದರೆ ಪೊಟ್ಯಾಸಿಯಮ್ ಆಕಾಶಕ್ಕೆ, ಕ್ಯಾಲ್ಸಿಯಮ್ ನೆಲಕ್ಕೆ. ನಡೆದುಕೊಂಡು ಬಂದು ನಿನ್ನೆದುರು ಮಾತಾಡುತ್ತ ಕೂತಿರುವವರ ಪೊಟ್ಯಾಸಿಯಮ್ 9, ಕ್ಯಾಲ್ಸಿಯಮ್ 3 ಎಂದು ಬಂದರೆ ಕಾಯಿಲೆಯನ್ನು ಹುಡುಕಬೇಡ, ಟ್ಯೂಬನ್ನು ಹುಡುಕು. ನೇರಳೆ ಟ್ಯೂಬಿನಲ್ಲಿ ರಕ್ತ ಜಾಸ್ತಿಯಾಗಿದೆಯೆಂದು ಕೆಂಪು ಟ್ಯೂಬಿಗೆ ಸುರಿದು ಸರಿಮಾಡುವವರನ್ನು ನೋಡಿದ್ದೇನೆ. ಅದನ್ನು ಎಂದೂ ಮಾಡಕೂಡದು. ನೀಲಿ ಟ್ಯೂಬಿಗೆ ಗೆರೆಯವರೆಗೆ ತುಂಬಿಸಲೇಬೇಕು, ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ. ಅರ್ಧ ತುಂಬಿಸಿದರೆ ಹೆಪ್ಪುಗಟ್ಟುವ ಹೊತ್ತು ಸುಳ್ಳೇ ಉದ್ದವಾಗಿ ಕಾಣುತ್ತದೆ, ಹೃದಯದ ಕವಾಟ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರ ಮಾತ್ರೆಯನ್ನು ಡಾಕ್ಟರು ಇಳಿಸಿಬಿಡುತ್ತಾರೆ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ ಬೆರೆಸು. ನೇರಳೆಯನ್ನು ಎಂಟು ಹತ್ತು ಸಲ, ನೀಲಿಯನ್ನು ಮೂರು ನಾಲ್ಕು ಸಲ. ಕುಲುಕಬೇಡ.

ಮೂತ್ರದ ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ. ಮೊದಲಿನದು ಬಿಟ್ಟು ನಡುವಿನದು ಹಿಡಿಯಬೇಕು ಎಂದು ನಾಚಿಕೆ ಬಿಟ್ಟು ವಿವರಿಸು. ಗಂಡಸರಿಗೆ ಹೇಳಲು ಮುಜುಗರವಾದರೆ ಗೋಡೆಗೆ ಚಿತ್ರ ಅಂಟಿಸು. ಎರಡು ಗಂಟೆಯೊಳಗೆ ನೋಡಿ ಮುಗಿಸು. ಸ್ಟ್ರಿಪ್ಪಿನ ಡಬ್ಬಿಯ ಮುಚ್ಚಳ ತೆಗೆದಿಟ್ಟು ಮಾತಾಡುತ್ತ ಕೂರಬೇಡ, ನಮ್ಮ ಮಳೆಗಾಲದ ಹವೆ ಅದನ್ನು ಹಾಳುಮಾಡಿಬಿಡುತ್ತದೆ.

ಸಣ್ಣ ಲ್ಯಾಬಿಗೆ ನೀರೇ ದೊಡ್ಡ ಶತ್ರು. ಕೋಲಾರ, ತುಮಕೂರಿನ ಕಡೆಯ ಬೋರ್‌ವೆಲ್ ನೀರಿನಲ್ಲಿ ತೊಳೆದ ಗಾಜು ಒಣಗಿದರೆ ಬಿಳಿ ಪುಡಿ ಕಾಣುತ್ತದೆ, ಅದೆಲ್ಲ ಸುಣ್ಣ. ಅಂಥ ಟ್ಯೂಬಿನಲ್ಲಿ ಕ್ಯಾಲ್ಸಿಯಮ್ ಮಾಡಿದರೆ ಯಾರ ಕ್ಯಾಲ್ಸಿಯಮ್ ಬರುತ್ತದೆ ನೀನೇ ಹೇಳು. ಕಡೆಯ ಸಲ ತೊಳೆಯುವುದು ಡಿಸ್ಟಿಲ್ಡ್ ನೀರಿನಲ್ಲೇ ಆಗಬೇಕು. ಫ್ರಿಜ್ಜಿನ ಬಿಸಿ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ಬೆಳಿಗ್ಗೆ ಸಂಜೆ ಬರೆದಿಡು. ರಾತ್ರಿ ಕರೆಂಟು ಹೋಗಿದ್ದರೆ ಬೆಳಿಗ್ಗೆ ಬಂದು ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ನಿನ್ನ ಮೊಸರನ್ನದ ಡಬ್ಬಿ ಅದರೊಳಗೆ ಹೋಗಕೂಡದು. ಇಎಸ್‌ಆರ್ ಟ್ಯೂಬು ನೆಟ್ಟಗೆ ನಿಂತಿರಬೇಕು, ತುಸು ವಾಲಿದರೂ ಕಣಗಳು ಬೇಗ ಇಳಿದು ಲೆಕ್ಕ ಏರುತ್ತದೆ. ಪಕ್ಕದಲ್ಲೇ ಸೆಂಟ್ರಿಫ್ಯೂಜ್ ಅದುರುತ್ತಿದ್ದರೂ ಲೆಕ್ಕ ಕೆಡುತ್ತದೆ.

ಬೆಳಿಗ್ಗೆ ರೋಗಿಗಳ ಸ್ಯಾಂಪಲ್ಲಿಗೆ ಮೊದಲು, ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ಹಾಕು. ಕಂಟ್ರೋಲ್ ದುಬಾರಿ, ವಾರಕ್ಕೊಮ್ಮೆ ಸಾಕು ಎನ್ನುವ ಮಾಲೀಕರು ಸಿಗಬಹುದು. ಒಲೆ ಹಚ್ಚುವ ಮುಂಚೆ ಗ್ಯಾಸು ಸೋರುತ್ತಿದೆಯೇ ಎಂದು ನೋಡುವುದನ್ನು ಯಾರೂ ವಾರಕ್ಕೊಮ್ಮೆ ಮಾಡುವುದಿಲ್ಲವಲ್ಲ. ಬಂದ ಅಂಕಿಯನ್ನು ಲೆವಿ-ಜೆನ್ನಿಂಗ್ಸ್ ಹಾಳೆಯಲ್ಲಿ ದಿನವೂ ಚುಕ್ಕೆ ಇಟ್ಟು ಗೋಡೆಗೆ ಹಾಕು. ಚುಕ್ಕೆಗಳು ದಿನದಿನಕ್ಕೆ ಒಂದೇ ಕಡೆಗೆ ಸರಿಯುತ್ತಿದ್ದರೆ ರೀಏಜೆಂಟು ಕೆಡುತ್ತಿದೆ, ಇಲ್ಲವೇ ದೀಪ ಮಂಕಾಗುತ್ತಿದೆ. ಗಡಿ ದಾಟುವವರೆಗೆ ಕಾಯಬೇಡ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ದೇಶದ ಲ್ಯಾಬುಗಳಿಗೆಲ್ಲ ಸ್ಯಾಂಪಲ್ ಕಳಿಸಿ ಉತ್ತರ ಹೋಲಿಸಿ ನೋಡುವ ವ್ಯವಸ್ಥೆ ನಡೆಸುತ್ತಾರೆ. ಅದಕ್ಕೆ ಸೇರಿಸಿ ಎಂದು ನಿನ್ನ ಡಾಕ್ಟರಿಗೆ ಹೇಳು. ನಮ್ಮ ಅಂಕಿ ಬೇರೆಯವರ ಅಂಕಿಯ ಪಕ್ಕದಲ್ಲಿ ಹೇಗೆ ನಿಲ್ಲುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ಸಣ್ಣ ಲ್ಯಾಬಿಗೆ ಇಲ್ಲ.

ಈಗ ಜ್ವರದ ಕಾಲದ ಮಾತು. ಮಳೆ ಬಿದ್ದು ಡೆಂಗಿ ಶುರುವಾಯಿತೆಂದರೆ ಊರಿಗೆ ಊರೇ ಪ್ಲೇಟ್ಲೆಟ್ ಎಣಿಸಲು ನಿನ್ನ ಬಾಗಿಲಲ್ಲಿ ನಿಲ್ಲುತ್ತದೆ. ಯಂತ್ರ ಮೂವತ್ತು ಸಾವಿರ ಎಂದಿತೆಂದು ಹಾಗೇ ಬರೆಯಬೇಡ. ಟ್ಯೂಬಿನಲ್ಲಿ ಸಣ್ಣ ಗಡ್ಡೆ ಇದೆಯೇ ಎಂದು ಕಡ್ಡಿ ಹಾಕಿ ನೋಡು, ಒಂದು ಸ್ಮಿಯರ್ ಎಳೆದು ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡು. ಕೆಲವರ ರಕ್ತದಲ್ಲಿ ಇಡಿಟಿಎ ಸೇರಿದ ಕೂಡಲೇ ಪ್ಲೇಟ್ಲೆಟ್‌ಗಳು ಒಂದಕ್ಕೊಂದು ಅಂಟಿ ಗೊಂಚಲಾಗುತ್ತವೆ, ಯಂತ್ರ ಆ ಗೊಂಚಲುಗಳನ್ನು ಪ್ಲೇಟ್ಲೆಟ್ ಎಂದು ಎಣಿಸುವುದಿಲ್ಲ. ಸ್ಮಿಯರಿನ ಅಂಚಿನಲ್ಲಿ ಗೊಂಚಲು ಕಂಡರೆ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು ಎಣಿಸಿ, ಬಂದದ್ದನ್ನು 1.1ರಿಂದ ಗುಣಿಸು. ಈ ಹತ್ತು ನಿಮಿಷದ ಕೆಲಸದಿಂದ ಒಂದು ಮನೆಯವರು ರಾತ್ರೋರಾತ್ರಿ ಸಾಲ ಮಾಡಿ ಗಾಡಿ ಹತ್ತಿ ದೊಡ್ಡ ಆಸ್ಪತ್ರೆಗೆ ಓಡುವುದು ತಪ್ಪುತ್ತದೆ. ಹಾಗೆಂದು ನಿಜವಾದ ಇಳಿತವನ್ನು ಹಗುರವಾಗಿ ಕಾಣಬೇಡ. ಜ್ವರ ಬಿಡುವ ಹೊತ್ತಿಗೆ ಪ್ಲೇಟ್ಲೆಟ್ ಬೇಗಬೇಗ ಇಳಿಯುತ್ತ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಏರುತ್ತಿದ್ದರೆ ಅದು ಅಪಾಯದ ಗುರುತು. ಜನ ಪ್ಲೇಟ್ಲೆಟ್ ಒಂದನ್ನೇ ಕೇಳುತ್ತಾರೆ, ನೀನು ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ಡಾಕ್ಟರಿಗೆ ತೋರಿಸು. ಡೆಂಗಿ ಪತ್ತೆಗೆ ಎನ್‌ಎಸ್‌1 ಮೊದಲ ಐದು ದಿನದ ಪರೀಕ್ಷೆ, ಐಜಿಎಂ ಅದರ ನಂತರದ್ದು. ಜ್ವರ ಬಂದು ಎಷ್ಟು ದಿನವಾಯಿತು ಎಂದು ಚೀಟಿಯಲ್ಲಿ ಬರೆಯದೆ ಎರಡಕ್ಕೂ ಅರ್ಥವಿಲ್ಲ.

ವಿಡಾಲ್ ಬಗ್ಗೆ ನನಗೆ ಹಳೆಯ ಸಂಕಟವಿದೆ. ಫ್ರಾನ್ಸಿನ ವಿಡಾಲ್ 1896ರಲ್ಲಿ ಕೊಟ್ಟ ಪರೀಕ್ಷೆ. ನಮ್ಮ ನಾಡಿನಲ್ಲಿ ಇಂದಿಗೂ ಜ್ವರ ಬಂದ ಎರಡನೆಯ ದಿನವೇ ವಿಡಾಲ್ ಮಾಡಿಸಿ "ಟೈಫಾಯ್ಡ್ ಪಾಸಿಟಿವ್" ಎಂದು ಕೈಗೆ ಚೀಟಿ ಕೊಡುತ್ತಾರೆ. ಮೈಯಲ್ಲಿ ಪ್ರತಿಕಾಯ ಎದ್ದು ಕಾಣಲು ವಾರ ಹಿಡಿಯುತ್ತದೆ. ಹಿಂದೆ ಯಾವಾಗಲೋ ಬಂದು ಹೋದ ಸೋಂಕಿಗೂ, ಹಾಕಿಸಿಕೊಂಡ ಲಸಿಕೆಗೂ, ಬೇರೆ ಜ್ವರಕ್ಕೂ ಅದು ಪಾಸಿಟಿವ್ ಆಗಬಹುದು. ಮೊದಲ ವಾರದಲ್ಲಿ ಟೈಫಾಯ್ಡ್ ಹಿಡಿಯಲು ಸರಿಯಾದದ್ದು ರಕ್ತದ ಕಲ್ಚರು, ಅದೂ ಆಂಟಿಬಯಾಟಿಕ್ ಶುರುವಾಗುವ ಮೊದಲು. ಡಾಕ್ಟರು ಬರೆದದ್ದನ್ನು ನೀನು ಬದಲಿಸುವಂತಿಲ್ಲ, ನಿಜ. ಆದರೆ ರಿಪೋರ್ಟಿನಲ್ಲಿ ಬರೀ ಪಾಸಿಟಿವ್ ಎಂದು ಬರೆಯದೆ ಟೈಟರ್ ಎಷ್ಟು, ಜ್ವರದ ಎಷ್ಟನೇ ದಿನ ಎಂದು ಬರೆಯುವುದು ನಿನ್ನ ಕೈಯಲ್ಲಿದೆ.

ಮಲೆನಾಡಿನ ಕಡೆ ಹೋದೆಯೆಂದರೆ ಇನ್ನೊಂದು ಎಚ್ಚರ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ. ಡಿಸೆಂಬರಿನಿಂದ ಮೇ ತನಕ, ಕಾಡಿಗೆ ಸೊಪ್ಪಿಗೆ ಸೌದೆಗೆ ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ಜ್ವರ, ಮೈಕೈ ನೋವು, ಬಿಳಿ ರಕ್ತಕಣವೂ ಕಡಿಮೆ, ಪ್ಲೇಟ್ಲೆಟ್ಟೂ ಕಡಿಮೆ; ಡೆಂಗಿ ನೆಗೆಟಿವ್. ಅಂಥ ರಿಪೋರ್ಟು ಬಂದರೆ "ಕಾಡಿಗೆ ಹೋಗಿದ್ರಾ? ನಿಮ್ಮ ಕಡೆ ಮಂಗ ಸತ್ತಿದೆಯಾ?" ಎಂದು ಕೇಳಿ, ಕೂಡಲೇ ಡಾಕ್ಟರ ಕಿವಿಗೆ ಹಾಕು. ಪಿಸಿಆರ್ ಪರೀಕ್ಷೆಗೆ ಮೊದಲ ಕೆಲವು ದಿನದ ರಕ್ತವೇ ಬೇಕು, ಅದಕ್ಕೆ ಶಿವಮೊಗ್ಗದಲ್ಲೇ ವೈರಸ್ ಪತ್ತೆ ಪ್ರಯೋಗಾಲಯವಿದೆ. ಕರಾವಳಿಯಲ್ಲಾದರೆ ಮಲೇರಿಯಾ. ದಪ್ಪ ಸ್ಮಿಯರು ಪರಾವಲಂಬಿ ಇದೆಯೇ ಎಂದು ಹುಡುಕಲು, ತೆಳು ಸ್ಮಿಯರು ಅದು ಯಾವ ಜಾತಿಯದೆಂದು ಹೇಳಲು. ದಪ್ಪ ಸ್ಮಿಯರಿನಲ್ಲಿ ನೂರು ಫೀಲ್ಡ್ ನೋಡದೆ ನೆಗೆಟಿವ್ ಬರೆಯಬೇಡ.

ಕ್ಷಯಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡುವ ಕಿಟ್ಟುಗಳನ್ನು ನಮ್ಮ ಸರ್ಕಾರ 2012ರಲ್ಲೇ ನಿಷೇಧಿಸಿತು, ಅವು ತಪ್ಪು ಹೇಳುತ್ತಿದ್ದವು. ಕಫ ನೋಡಬೇಕು, ಅದನ್ನೂ ಎಂಜಲಾಗದಂತೆ ಎದೆಯಾಳದಿಂದ ಕೆಮ್ಮಿಸಿ, ಹೊರಗಿನ ಬಯಲಿನಲ್ಲಿ ತೆಗೆಸಬೇಕು, ಮುಚ್ಚಿದ ಕೋಣೆಯಲ್ಲಲ್ಲ. ಈಗ ಕ್ಷಯ ಪತ್ತೆಗೆ ಟ್ರೂನ್ಯಾಟ್ ಎಂಬ ಪರೀಕ್ಷೆ ಬಂದಿದೆ, ಅದರ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನವರ ದುಡಿಮೆ ಇದೆ. ಕ್ಷಯ ಕಂಡರೆ ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಮನೆಯವರು ಬೇಡವೆಂದು ಕೈಮುಗಿದರೂ ತಿಳಿಸಬೇಕು. ತಿಳಿಸಿದರೆ ಔಷಧ ಪುಕ್ಕಟೆ ಸಿಗುತ್ತದೆ ಎಂದು ಅವರಿಗೆ ವಿವರಿಸು.

ರಿಪೋರ್ಟಿನ ಬಲಗಡೆ ಅಚ್ಚಾಗುವ ನಾರ್ಮಲ್ ಎಂಬ ಸಾಲಿನ ಬಗ್ಗೆ ಜನರಿಗೆ ಅಪಾರ ಭಯವಿದೆ. ಆರೋಗ್ಯವಂತರಲ್ಲಿ ನೂರಕ್ಕೆ 95 ಜನರ ಅಂಕಿ ಬೀಳುವ ಜಾಗವನ್ನೇ ನಾರ್ಮಲ್ ಎಂದು ಕರೆದಿದ್ದೇವೆ. ಅಂದಮೇಲೆ ಇಪ್ಪತ್ತು ಆರೋಗ್ಯವಂತರಲ್ಲಿ ಸರಾಸರಿ ಒಬ್ಬರು ಹೊರಗೆ ಬೀಳುತ್ತಾರೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೆ, ಏನೂ ಕಾಯಿಲೆ ಇಲ್ಲದಿದ್ದರೂ ಒಂದಾದರೂ ಗಡಿಯಾಚೆ ಬರುವ ಸಾಧ್ಯತೆ ನೂರಕ್ಕೆ 64. ಹಬ್ಬದ ರಿಯಾಯಿತಿಯಲ್ಲಿ ಮಾರುವ ಫುಲ್ ಬಾಡಿ ಪ್ಯಾಕೇಜುಗಳು ನನಗೆ ಸರಿಕಾಣದಿರುವುದು ಇದಕ್ಕೇ. ಕೆಂಪಕ್ಷರದ ಒಂದು ಅಂಕಿ ಹಿಡಿದು ಚಿಂತೆಯಲ್ಲಿ ಅಲೆಯುವವರನ್ನು ನೀನೂ ನೋಡುತ್ತೀಯ. ಲಕ್ಷಣ ನೋಡಿ, ಕಾರಣವಿಟ್ಟುಕೊಂಡು ಬರೆದ ನಾಲ್ಕು ಪರೀಕ್ಷೆ ಕಾರಣವಿಲ್ಲದ ಎಪ್ಪತ್ತಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಬಗೆಯ ಅಂಕಿ ಇದೆ, ಅದಕ್ಕೆ ಸಂಜೆಯ ರಿಪೋರ್ಟಿನವರೆಗೆ ಕಾಯುವಂತಿಲ್ಲ. ಸಕ್ಕರೆ 40, ಪೊಟ್ಯಾಸಿಯಮ್ 7, ಪ್ಲೇಟ್ಲೆಟ್ ಹತ್ತು ಸಾವಿರ, ಬಸುರಿಯ ಹಿಮೊಗ್ಲೋಬಿನ್ 4. ಸ್ಯಾಂಪಲ್ ಸರಿಯಿದೆಯೆಂದು ಖಚಿತಮಾಡಿಕೊಂಡ ಕೂಡಲೇ ಫೋನ್ ಎತ್ತು. ಡಾಕ್ಟರು ಊಟಕ್ಕೆ ಕೂತಿರಲಿ, ಮದುವೆ ಮನೆಯಲ್ಲಿರಲಿ. ಹೇಳಿದ ಅಂಕಿಯನ್ನು ಅವರಿಂದ ಮತ್ತೆ ಹೇಳಿಸು, ಯಾರಿಗೆ ಎಷ್ಟು ಗಂಟೆಗೆ ಹೇಳಿದೆ ಎಂದು ಪುಸ್ತಕದಲ್ಲಿ ಬರೆ. ಬೈದರೆ ಬೈಯಲಿ. ಯಾವ ಅಂಕಿಗೆ ಫೋನು ಮಾಡಬೇಕು ಎಂಬ ಪಟ್ಟಿಯನ್ನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವರ ಜೊತೆ ಕೂತು ಮಾಡಿಸಿಕೊ.

ಗುಟ್ಟು ಕಾಪಾಡುವುದನ್ನು ನಿನಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೇನೆ, ಆದರೂ ಹೇಳುತ್ತೇನೆ. ಸಣ್ಣ ಊರು ಕಣೇ, ಎಲ್ಲರೂ ಎಲ್ಲರಿಗೂ ನೆಂಟರು. ಕಾಲೇಜು ಹುಡುಗಿಯ ಬಸುರಿನ ಪರೀಕ್ಷೆ, ಪಕ್ಕದ ಬೀದಿಯವರ ಎಚ್‌ಐವಿ ಪರೀಕ್ಷೆ ನಿನ್ನ ಕೈಯಿಂದಲೇ ಹೋಗುತ್ತದೆ. ಎಚ್‌ಐವಿಗೆ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಹೊರಗೆ ಬಿಡುವಂತಿಲ್ಲ. 2017ರ ಕಾಯಿದೆ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ವಾಟ್ಸಾಪಿನಲ್ಲಿ ರಿಪೋರ್ಟು ಕಳಿಸುವಾಗ ನಂಬರು ಯಾರದೆಂದು ಎರಡು ಸಲ ನೋಡು. "ಏನು ಬಂದಿದೆ ಹೇಳಮ್ಮ" ಎಂದು ಅವರೇ ಕೇಳಿದರೆ ಕಾಯಿಲೆಯ ಹೆಸರು ನೀನು ಹೇಳಬೇಡ, ಡಾಕ್ಟರ ಹತ್ತಿರ ಕೂರಿಸು. ಮುಖದಲ್ಲೂ ಏನನ್ನೂ ತೋರಿಸಬೇಡ.

ಮುಂದಿನ ಮಾತು ಹೇಳಲು ಸಂಕಟವಾಗುತ್ತದೆ. ಸ್ಯಾಂಪಲ್ಲನ್ನು ಸಿಂಕಿಗೆ ಸುರಿದು, ಕಂಪ್ಯೂಟರಿನಲ್ಲಿ ನಾರ್ಮಲ್ ಅಂಕಿ ಟೈಪು ಮಾಡಿ ಕೊಡುವುದು ನಮ್ಮ ದೇಶದಲ್ಲಿ ನಡೆದಿದೆ, ಸಿಂಕ್ ಟೆಸ್ಟ್ ಎಂಬ ಹೆಸರೂ ಅದಕ್ಕೆ ಬಿದ್ದಿದೆ. ಯಾರೋ ಕೂಲಿಯವರು ಎರಡು ದಿನದ ದುಡಿಮೆ ಕೊಟ್ಟು, ತಮ್ಮ ಮೈಯ ರಕ್ತ ಕೊಟ್ಟು, ಉತ್ತರಕ್ಕೆ ಕಾಯುತ್ತ ಹೊರಗೆ ಕೂತಿರುತ್ತಾರೆ. ಕಿಟ್ ಮುಗಿದಿದ್ದರೆ ಮುಗಿದಿದೆ ಎಂದು ಹೇಳು. ಯಂತ್ರ ಕೆಟ್ಟಿದ್ದರೆ ನಾಳೆ ಬನ್ನಿ ಎನ್ನು, ಇಲ್ಲವೇ ಬೇರೆ ಲ್ಯಾಬಿಗೆ ಕಳಿಸು. ಮಾಡದ ಪರೀಕ್ಷೆಗೆ ಅಂಕಿ ಬರೆಯಲು ಯಾರೇ ಹೇಳಲಿ, ಮಾಲೀಕರೇ ಹೇಳಲಿ, ಆ ದಿನವೇ ಕೆಲಸ ಬಿಟ್ಟು ಮನೆಗೆ ಬಾ. ಹೊಟ್ಟೆಗೆ ಹಾಕಲು ನಾವಿದ್ದೇವೆ. ಪರೀಕ್ಷೆ ಬರೆದವರಿಗೆ ಪಾಲು ಕೊಡುವ ಕಮಿಷನ್ ಲೆಕ್ಕಕ್ಕೂ ನಿನ್ನ ಕೈ ತಗಲದಿರಲಿ.

ಕಡೆಯದಾಗಿ ನಿನ್ನ ಮೈಯ ವಿಷಯ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡ. ಎಷ್ಟೋ ಜನರಿಗೆ ಚುಚ್ಚುವುದೇ ಆಗ. ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ, ಸಿರಿಂಜು, ಪ್ಲಾಸ್ಟಿಕ್ ಟ್ಯೂಬು, ಗ್ಲೌಸು ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ, ಗಾಜಿನ ಸ್ಲೈಡು ನೀಲಿಗೆ. ಇದು 2016ರ ನಿಯಮ. ಆ ಚೀಲ ಹೊರುವ ಆಯಾ, ಅದನ್ನು ಒಯ್ಯುವ ಹುಡುಗ, ಅವರ ಕೈಯನ್ನು ಕಾಯುವುದೂ ನಿನ್ನ ಕೆಲಸವೇ. ಅಕಸ್ಮಾತ್ ಚುಚ್ಚಿದರೆ ಹಿಂಡಬೇಡ, ಬಾಯಿಗೆ ಇಡಬೇಡ, ಸೋಪಿನಲ್ಲಿ ಹರಿಯುವ ನೀರಿಗೆ ತೊಳೆದು ತಕ್ಷಣ ಡಾಕ್ಟರಿಗೆ ಹೇಳು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಬಹಳ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ. ಆದರೆ ಚುಚ್ಚಿದ ಸೂಜಿಯಿಂದ ಎಚ್‌ಐವಿಗಿಂತ ಎಷ್ಟೋ ಪಾಲು ಸುಲಭವಾಗಿ ಹರಡುವುದು ಹೆಪಟೈಟಿಸ್ ಬಿ. ಅದಕ್ಕೆ ಲಸಿಕೆ ಇದೆ. ಮೊದಲನೆಯದನ್ನು ಕೆಲಸಕ್ಕೆ ಸೇರುವ ಮುಂಚೆ ಈ ವಾರವೇ ಹಾಕಿಸಿಕೊ, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಅದಾಗಿ ಒಂದೆರಡು ತಿಂಗಳಿಗೆ ನಿನ್ನದೇ ರಕ್ತ ಕೊಟ್ಟು ಪ್ರತಿಕಾಯದ ಮಟ್ಟ 10 ದಾಟಿದೆಯೇ ಎಂದು ನೋಡಿಸು, ಆ ರಿಪೋರ್ಟನ್ನು ನನಗೂ ಕಳಿಸು.